ಮಾತ್ರೆ ಕೊಟ್ಟ ಮೇಲೆ ನೋಡುವ ಹೊಣೆ



ಮನೋರೋಗಕ್ಕೆ ಕೊಡುವ ಔಷಧಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಆ ಮಾತ್ರೆ ಒಮ್ಮೆ ಶುರುವಾದರೆ ಮನುಷ್ಯ ಯಾವ ಕೆಲಸಕ್ಕೂ ಬಾರದವನಾಗುತ್ತಾನೆ ಎನ್ನುವುದು ಒಂದು. ಡಾಕ್ಟರು ಬರೆದುಕೊಟ್ಟದ್ದನ್ನು ನುಂಗುತ್ತಿರಬೇಕು, ಅಡ್ಡಪರಿಣಾಮ ಗಿಡ್ಡಪರಿಣಾಮ ಎಂದು ಶುರುಮಾಡಿದರೆ ರೋಗಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ ಎನ್ನುವುದು ಇನ್ನೊಂದು. ಮೊದಲನೆಯದು ಅರಳಿಕಟ್ಟೆಯಲ್ಲೂ ವಾಟ್ಸಾಪಿನಲ್ಲೂ ಓಡಾಡುತ್ತದೆ. ಎರಡನೆಯದು ಆಸ್ಪತ್ರೆಯ ಕಾರಿಡಾರಿನಲ್ಲಿ, ತಗ್ಗಿದ ದನಿಯಲ್ಲಿ. ಮೇಲುನೋಟಕ್ಕೆ ಇವು ಎದುರುಬದುರಾಗಿ ಕಂಡರೂ ಒಂದನ್ನೊಂದು ಸಾಕಿಕೊಂಡೇ ಬಂದಿವೆ. ಮುಚ್ಚಿಟ್ಟದ್ದು ಹೊರಬಿದ್ದಾಗ ಜನ ಔಷಧವನ್ನೇ ಶಂಕಿಸುತ್ತಾರೆ. ಜನ ಶಂಕಿಸುತ್ತಾರೆಂದು ವೈದ್ಯರು ಇನ್ನಷ್ಟು ಮುಚ್ಚಿಡುತ್ತಾರೆ. ಈ ಔಷಧಗಳಿಂದ ಬರುವ ಚಲನೆಯ ತೊಂದರೆಗಳನ್ನು, ಅಂದರೆ ನಡುಕ, ಬಿಗಿತ, ಚಡಪಡಿಕೆ, ತಾನಾಗಿಯೇ ಆಡುವ ಬಾಯಿ ನಾಲಿಗೆಗಳನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ನನ್ನ ವಾದ ಇಷ್ಟು: ಈ ಹಾನಿ ಬರಿಗಣ್ಣಿಗೆ ಕಾಣುತ್ತದೆ. ರಕ್ತಪರೀಕ್ಷೆ ಬೇಡ, ಸ್ಕ್ಯಾನ್ ಬೇಡ, ಒಂದು ಕುರ್ಚಿ ಮತ್ತು ಹತ್ತು ನಿಮಿಷ ಸಾಕು. ಹಾಗಿದ್ದೂ ಅದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಬೆಳೆಯುತ್ತದೆಂದರೆ ಅದನ್ನು ವಿಜ್ಞಾನದ ಕೊರತೆ ಎನ್ನಲಾಗದು. ಮಾತ್ರೆ ಬರೆಯುವುದು ಚಿಕಿತ್ಸೆ, ಬರೆದ ಮೇಲೆ ದೇಹವನ್ನು ನೋಡುವುದು ಬಿಡುವಿದ್ದರೆ ಮಾಡುವ ಕೆಲಸ ಎಂದು ನಾವು ಎರಡನ್ನೂ ಬೇರ್ಪಡಿಸಿಟ್ಟಿದ್ದೇವೆ.

ಹೀಗೆ ಬೇರ್ಪಟ್ಟದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್-ಪೂಲಾಂಕ್ ಕಂಪನಿಯಲ್ಲಿ ಪಾಲ್ ಶಾರ್ಪೆಂಟಿಯೆ ಕ್ಲೋರ್‌ಪ್ರೊಮಜಿನ್ ತಯಾರಿಸಿದರು. ಶಸ್ತ್ರಚಿಕಿತ್ಸಕ ಆನ್ರಿ ಲಾಬೊರಿ ಅದನ್ನು ಅರಿವಳಿಕೆಯ ಜೊತೆಗೆ ಕೊಟ್ಟು, ರೋಗಿಗಳಲ್ಲಿ ಒಂದು ಬಗೆಯ ನಿರ್ಲಿಪ್ತ ಶಾಂತಿ ಮೂಡುವುದನ್ನು ಗಮನಿಸಿದರು. 1952ರಲ್ಲಿ ಪ್ಯಾರಿಸ್ಸಿನ ಸೇಂತ್-ಆನ್ ಆಸ್ಪತ್ರೆಯಲ್ಲಿ ಜಾನ್ ದಲೇ ಮತ್ತು ಪಿಯೆರ್ ದನಿಕೆ ಅದನ್ನು ಮನೋರೋಗಿಗಳ ಮೇಲೆ ಬಳಸಿದರು. ಅದುವರೆಗೆ ಸರಪಳಿ, ತಣ್ಣೀರು, ಇನ್ಸುಲಿನ್ ಕೋಮಾಗಳಲ್ಲಿ ದಿನ ತಳ್ಳುತ್ತಿದ್ದ ವಾರ್ಡುಗಳು ಕೆಲವೇ ವರ್ಷಗಳಲ್ಲಿ ಬದಲಾದವು. ಆ ಬದಲಾವಣೆ ನಿಜ, ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಹೊತ್ತಿಗೆ ರೋಗಿಗಳ ಮುಖ ಮರಗಟ್ಟಿತು, ನಡಿಗೆ ಪುಟ್ಟ ಹೆಜ್ಜೆಗಳದ್ದಾಯಿತು, ಕೈ ನಡುಗಿತು. ಇದನ್ನು ಆಗಿನವರು ನೋಡಲಿಲ್ಲವೆಂದಲ್ಲ, ನೋಡಿದರು. ನೋಡಿ, ಔಷಧ ನಾಟಿದ್ದಕ್ಕೆ ಇದೇ ಗುರುತು ಎಂದುಕೊಂಡರು. ಜರ್ಮನಿಯ ಹಾನ್ಸ್-ಯೋಆಖಿಮ್ ಹಾಸೆ ರೋಗಿಗಳಿಂದ ಬರೆಸುತ್ತಿದ್ದರು: ಅಕ್ಷರ ಸಣ್ಣದಾಗಿ, ಬಿಗಿಯಾಗಿ, ಇಕ್ಕಟ್ಟಾಗಿ ಕುಗ್ಗತೊಡಗಿದಾಗ ಡೋಸ್ ಸರಿಯಾದ ಮಟ್ಟಕ್ಕೆ ಬಂದಿದೆ ಎಂದು ಅವರ ಲೆಕ್ಕ. ಹಾಸೆಯವರ ಉದ್ದೇಶ ಒಳ್ಳೆಯದೇ ಆಗಿತ್ತು. ಅಕ್ಷರ ಕುಗ್ಗಿದಲ್ಲಿಗೆ ನಿಲ್ಲಿಸಿ, ಅದಕ್ಕಿಂತ ಹೆಚ್ಚು ಕೊಡಬೇಡಿ ಎಂದೇ ಅವರು ಹೇಳುತ್ತಿದ್ದದ್ದು. ಆದರೆ ಹಾನಿಯೇ ಗುಣದ ಅಳತೆಗೋಲು ಎಂಬ ಭಾವನೆ ಒಮ್ಮೆ ವಾರ್ಡಿನೊಳಗೆ ಬಂದಮೇಲೆ ಅದನ್ನು ಹೊರಗೆ ಕಳಿಸುವುದು ಸುಲಭವಾಗಲಿಲ್ಲ.

ಕ್ಲೋರ್‌ಪ್ರೊಮಜಿನ್ ಬಂದು ಐದು ವರ್ಷ ತುಂಬುವಷ್ಟರಲ್ಲಿ, 1957ರಲ್ಲಿ, ಜರ್ಮನಿಯ ಮತ್ತೊಬ್ಬ ವೈದ್ಯ ಮಥಿಯಾಸ್ ಶೋನೆಕರ್ ಬೇರೆಯದೇ ಒಂದು ತೊಂದರೆಯನ್ನು ವರದಿ ಮಾಡಿದರು: ತುಟಿ, ಬಾಯಿ, ನಾಲಿಗೆಗಳು ತಮ್ಮಷ್ಟಕ್ಕೆ ತಾವೇ ಆಡುತ್ತಿರುವುದು. 1964ರಲ್ಲಿ ಡೆನ್ಮಾರ್ಕಿನ ಫೌರ್‌ಬೀ ಮತ್ತು ಸಂಗಡಿಗರು ಇದಕ್ಕೆ ಟಾರ್ಡಿವ್ ಡಿಸ್ಕೈನೀಸಿಯಾ ಎಂದು ಹೆಸರಿಟ್ಟರು. ತಿಂಗಳು ವರ್ಷಗಳ ನಂತರ ತಡವಾಗಿ ಬಂದು, ಔಷಧ ನಿಲ್ಲಿಸಿದರೂ ಉಳಿದುಬಿಡಬಲ್ಲ ಚಲನೆ ಇದು. ಅಮೆರಿಕದಲ್ಲಿ ಜಾರ್ಜ್ ಕ್ರೇನ್ 1960ರ ದಶಕದ ಕೊನೆಯಿಂದ ಇದರ ಬಗ್ಗೆ ಬರೆಯುತ್ತಲೇ ಹೋದರು. 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲೂ ಎಚ್ಚರಿಸಿದರು. ಅವರ ವೃತ್ತಿಬಾಂಧವರಲ್ಲಿ ಹಲವರು ಅದನ್ನು ಅತಿಶಯೋಕ್ತಿ ಎಂದು ಬದಿಗಿಟ್ಟರು. ಅಲ್ಲಿನ ಮನೋವೈದ್ಯರ ಸಂಘ ಇದಕ್ಕೆಂದೇ ಕಾರ್ಯಪಡೆ ನೇಮಿಸಿ ವರದಿ ಹೊರತಂದದ್ದು 1980ರ ಹೊತ್ತಿಗೆ. ಮೊದಲ ವರದಿಯಿಂದ ಅಲ್ಲಿಗೆ ಎರಡು ದಶಕ ಕಳೆದಿತ್ತು. ಆ ಎರಡು ದಶಕಗಳಲ್ಲಿ ಹೊಸ ಉಪಕರಣವೇನೂ ಕಂಡುಹಿಡಿಯಬೇಕಾಗಿರಲಿಲ್ಲ. ಕಣ್ಣು ಮೊದಲೇ ಇತ್ತು.

ಈ ಔಷಧಗಳು ಕೆಲಸ ಮಾಡುವ ಬಗೆಯನ್ನು ಒಂದಿಷ್ಟು ತಿಳಿದರೆ ಮುಂದಿನ ವಾದ ಸಲೀಸಾಗುತ್ತದೆ. ಮೆದುಳಿನ ನರಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮಿನ್ ಒಂದು. ಇಲ್ಲದ ದನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನಿಸುವುದು ಮುಂತಾದ ಲಕ್ಷಣಗಳಲ್ಲಿ ಮೆದುಳಿನ ಕೆಲವು ಭಾಗಗಳ ಡೋಪಮಿನ್ ಚಟುವಟಿಕೆ ಅತಿಯಾಗಿರುತ್ತದೆ. ಡೋಪಮಿನ್ ಬಂದು ಕೂರುವ ಡಿ2 ಎಂಬ ಗ್ರಾಹಿಗಳ ಬಾಗಿಲು ಮುಚ್ಚಿದರೆ ಲಕ್ಷಣಗಳು ತಗ್ಗುತ್ತವೆ. ತೊಡಕೇನೆಂದರೆ ನಮ್ಮ ನಡಿಗೆ, ಮುಖಭಾವ, ಕೈಬರಹಗಳನ್ನು ಹದದಲ್ಲಿಡುವ ಭಾಗದಲ್ಲೂ ಅದೇ ಗ್ರಾಹಿಗಳಿವೆ. ಮಾತ್ರೆಗೆ ಅಲ್ಲಿ ಬೇಕು ಇಲ್ಲಿ ಬೇಡ ಎಂದು ಆರಿಸಲು ಬರುವುದಿಲ್ಲ. ಶಿತಿಜ್ ಕಪೂರ್ ಮತ್ತು ಸಂಗಡಿಗರು ಮೊದಲ ಬಾರಿಗೆ ಕಾಯಿಲೆ ಬಿದ್ದವರಿಗೆ ಇದೇ ಕುಲದ ಹ್ಯಾಲೊಪೆರಿಡಾಲ್ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಪೆಟ್ ಸ್ಕ್ಯಾನಿನಲ್ಲಿ ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿ2 ಗ್ರಾಹಿಗಳಲ್ಲಿ ಸುಮಾರು ಶೇ 65ರಷ್ಟು ಮುಚ್ಚಿದಾಗ ಗುಣ ಕಾಣುವ ಸಾಧ್ಯತೆ ಹೆಚ್ಚುತ್ತದೆ. ಶೇ 78 ದಾಟಿದರೆ ಚಲನೆಯ ತೊಂದರೆಗಳ ಸಾಧ್ಯತೆ ಹೆಚ್ಚುತ್ತದೆ. ಈ ಎರಡು ಅಂಕಿಗಳ ನಡುವಿನ ಜಾಗ ಇಕ್ಕಟ್ಟಾದದ್ದು, ಆದರೆ ಜಾಗ ಇದೆ. ಹಾಸೆಯ ಕಾಲದ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ: ಗುಣವಾಗಲು ಬಿಗಿತ ಬರಲೇಬೇಕೆಂದಿಲ್ಲ. ಬಿಗಿತ ಬಂದಿದೆಯೆಂದರೆ ಬಹುಪಾಲು ಡೋಸ್ ಗಡಿ ದಾಟಿದೆ ಎಂದೇ ಅರ್ಥ. ಗಡಿ ದಾಟಿದ್ದು ತಿಳಿಯುವುದು ರೋಗಿಯ ದೇಹ ನೋಡಿದಾಗ ಮಾತ್ರ. ಜಿಲ್ಲಾಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ಬೇಗ ಬರುವ ತೊಂದರೆಗಳನ್ನು ಮೊದಲು ನೋಡೋಣ. ಇಂಜೆಕ್ಷನ್ ಕೊಟ್ಟ ಕೆಲವೇ ಗಂಟೆ ಅಥವಾ ದಿನಗಳಲ್ಲಿ, ಅದರಲ್ಲೂ ಹರೆಯದ ಗಂಡಸರಲ್ಲಿ, ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ. ಇದು ಡಿಸ್ಟೋನಿಯಾ. ನೋಡಿದವರಿಗೆ ಮೈಮೇಲೆ ಏನೋ ಬಂದಂತೆ ಕಾಣುತ್ತದೆ. ಕೆಲವೊಮ್ಮೆ ಆಸ್ಪತ್ರೆಯವರೇ ನಾಟಕ ಎಂದುಬಿಡುತ್ತಾರೆ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಹಾಗೆ ಮೈ ಬಿಗಿದು ನಿಧಾನವಾಗುವುದು ವಾರಗಳಲ್ಲಿ ಬರುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಅಕಥೀಸಿಯಾ, ಅಂದರೆ ಕೂತಲ್ಲಿ ಕೂರಲಾಗದ, ಒಳಗಿನಿಂದ ಯಾರೋ ಕುಟ್ಟುತ್ತಿರುವಂಥ ಚಡಪಡಿಕೆ. ರೋಗಿ ವರಾಂಡದಲ್ಲಿ ಆಚೆಯಿಂದ ಈಚೆಗೆ ನಡೆಯುತ್ತಲೇ ಇರುತ್ತಾನೆ, ನಿಂತರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾನೆ, ಊಟಕ್ಕೆ ಕೂತು ಎರಡು ತುತ್ತಿಗೆ ಏಳುತ್ತಾನೆ. ಕೇಸ್ ಶೀಟಿನಲ್ಲಿ ಇದು 'ರೋಗಿ ಇನ್ನೂ ಉದ್ರಿಕ್ತನಾಗಿದ್ದಾನೆ' ಎಂದು ದಾಖಲಾದರೆ ಮುಂದಿನ ಸಾಲಿನಲ್ಲಿ ಡೋಸ್ ಏರುತ್ತದೆ. ಡೋಸ್ ಏರಿದಷ್ಟೂ ನಡಿಗೆ ಹೆಚ್ಚುತ್ತದೆ. ಈ ಯಾತನೆಯನ್ನು ತಾಳಲಾರದೆ ಆತ್ಮಹತ್ಯೆಗೆ ಯತ್ನಿಸಿದವರ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಸೋವಿಯೆತ್ ಒಕ್ಕೂಟದಲ್ಲಿ ಭಿನ್ನಮತೀಯ ಗಣಿತಜ್ಞ ಲಿಯೊನಿದ್ ಪ್ಲ್ಯುಶ್ಚ್ ಅವರನ್ನು ವಿಶೇಷ ಮನೋರೋಗ ಆಸ್ಪತ್ರೆಯಲ್ಲಿಟ್ಟು ಹ್ಯಾಲೊಪೆರಿಡಾಲ್ ಕೊಟ್ಟಿದ್ದರು. ಕಾಯಿಲೆಯಿಲ್ಲದವನ ಮೇಲೆ ಪ್ರಯೋಗಿಸಿದರೆ ಈ ಔಷಧ ಶಿಕ್ಷೆಯೂ ಆಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಕಥೀಸಿಯಾಕ್ಕೆ ಮದ್ದು ಉಂಟು: ಡೋಸ್ ತಗ್ಗಿಸುವುದು, ಔಷಧ ಬದಲಿಸುವುದು, ಪ್ರೊಪ್ರನೊಲಾಲ್ ಸೇರಿಸುವುದು. 'ಕೂತಿರೋಕೆ ಕಷ್ಟ ಆಗ್ತಿದೆಯಾ, ಕಾಲಲ್ಲಿ ಏನಾದರೂ ಆಗುತ್ತಾ' ಎಂದು ಕೇಳುವವರು ಬೇಕು, ಅಷ್ಟೇ. ಖಿನ್ನತೆಗೆ ಕೊಡುವ ಮಾತ್ರೆಗಳಿಂದಲೂ ಕೆಲವರಿಗೆ ಇದು ಬರುವುದರಿಂದ ಆ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು.

ಅಪರೂಪಕ್ಕೆ ಬಂದರೂ ಪ್ರಾಣಕ್ಕೆ ಎರವಾಗುವ ಒಂದನ್ನು ಹೇಳದೆ ಮುಂದೆ ಹೋಗಲಾಗದು. ಜೋರು ಜ್ವರ, ಮರದ ಕೊರಡಿನಂಥ ಬಿಗಿತ, ಬೆವರು, ಮಂಪರು ಒಟ್ಟಿಗೆ ಬಂದರೆ ಅದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಇರಬಹುದು. ಈ ಔಷಧ ತೆಗೆದುಕೊಳ್ಳುವವರಿಗೆ ಹೀಗಾದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯಬಾರದು. ಔಷಧ ನಿಲ್ಲಿಸಿ ಅಂದೇ, ಆಗಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಈಗ ಟಾರ್ಡಿವ್ ಡಿಸ್ಕೈನೀಸಿಯಾಕ್ಕೆ ಬರುತ್ತೇನೆ. ನನ್ನ ವಾದದ ಭಾರವೆಲ್ಲ ಇರುವುದು ಇಲ್ಲಿ. ಡಿ2 ಬಾಗಿಲು ತಿಂಗಳುಗಟ್ಟಲೆ ಮುಚ್ಚಿದ್ದರೆ ಮೆದುಳು ಸುಮ್ಮನಿರುವುದಿಲ್ಲ. ಸಿಗುವ ಅಲ್ಪ ಡೋಪಮಿನ್‌ಗೇ ಅತಿಯಾಗಿ ಸ್ಪಂದಿಸುವಂತೆ ಗ್ರಾಹಿಗಳು ಮಾರ್ಪಡುತ್ತವೆ ಎಂಬುದು ಹಳೆಯ ವಿವರಣೆ. ಎಲ್ಲವನ್ನೂ ಅದು ವಿವರಿಸದು, ಆದರೆ ಒಂದು ವಿಚಿತ್ರವನ್ನು ಚೆನ್ನಾಗಿ ವಿವರಿಸುತ್ತದೆ. ಔಷಧ ಕಡಿಮೆ ಮಾಡಿದರೆ ಬಾಯಿಯ ಆಟ ಮೊದಲು ಹೆಚ್ಚುತ್ತದೆ. ಡೋಸ್ ಏರಿಸಿದರೆ ಮಾಯವಾಗುತ್ತದೆ. ತೊಂದರೆ ತಂದ ಔಷಧವೇ ತೊಂದರೆಯನ್ನು ಮುಚ್ಚಿಡಬಲ್ಲದು. ಸಾಲ ತೀರಿಸಲು ಮತ್ತೆ ಅದೇ ಲೇವಾದೇವಿಯವನ ಬಳಿ ಸಾಲ ಮಾಡಿದಂತೆ ಇದು: ಈ ತಿಂಗಳು ನೆಮ್ಮದಿ, ಅಸಲು ಹಾಗೇ ಬೆಳೆಯುತ್ತಿರುತ್ತದೆ. ಇದನ್ನು ಅರಿಯದ ಮನೆಯವರು ಮಾತ್ರೆ ನಿಲ್ಲಿಸಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಅರಿಯದ ವೈದ್ಯರು ಡೋಸ್ ಏರಿಸಿ ಗುಣವಾಯಿತು ಎನ್ನುತ್ತಾರೆ. ಇನ್ನೊಂದು ತೊಡಕೂ ಇದೆ. ಕೈ ನಡುಕಕ್ಕೆಂದು ಜೊತೆಗೆ ಬರೆಯುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಬಿಗಿತ ನಡುಕಗಳಿಗೆ ಒಳ್ಳೆಯದು, ಬಾಯಿಯ ಈ ಚಲನೆಯನ್ನು ಮಾತ್ರ ಹೆಚ್ಚಿಸಬಲ್ಲದು. ನೋಡದೆ, ಯಾವುದು ಯಾವುದೆಂದು ತಿಳಿಯದೆ, ಎಲ್ಲರಿಗೂ ವಾಡಿಕೆಯಂತೆ ಅದನ್ನು ಬರೆದುಕೊಡುತ್ತಾ ಹೋದರೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಸಾಕಿದಂತಾಗುತ್ತದೆ.

ನೋಡುವುದು ಎಂದರೇನು? ಇದಕ್ಕೆಂದೇ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ಏಮ್ಸ್ (AIMS) ಎಂಬ ಅಳತೆಪಟ್ಟಿ ಇದೆ. ರೋಗಿ ಒಳಗೆ ಬರುವಾಗಲೇ, ಕಾಯುತ್ತ ಕೂತಿರುವಾಗಲೇ ಅವರಿಗೆ ತಿಳಿಯದಂತೆ ಗಮನಿಸಬೇಕು. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಾಯಲ್ಲಿ ಏನಾದರೂ ಇದೆಯೇ ಎಂದು ಕೇಳಿ ತೆಗೆಸಬೇಕು. ಮೂಲ ಪಟ್ಟಿಯಲ್ಲಿ ಇರುವುದು ಚ್ಯೂಯಿಂಗ್ ಗಮ್. ನಮ್ಮಲ್ಲಿ ಎಲೆಅಡಿಕೆ, ಗುಟ್ಕಾ ಎಂದು ಓದಿಕೊಳ್ಳಬೇಕು. ಕಟ್ಟಿಸಿದ ಹಲ್ಲು ಸಡಿಲವಾಗಿದ್ದರೂ ಬಾಯಿ ಆಡುತ್ತದೆ, ಅದನ್ನೂ ಕೇಳಬೇಕು. ಕೈಗಳನ್ನು ಮೊಣಕಾಲ ಮೇಲೆ ಇಡಿಸಿ ಇಡೀ ಮೈಯನ್ನು ನೋಡಬೇಕು. ಬಾಯಿ ತೆರೆಸಿ ಒಳಗೆ ನಾಲಿಗೆ ಸುಮ್ಮನಿದೆಯೋ ಹುಳುವಿನಂತೆ ಹೊರಳುತ್ತಿದೆಯೋ ನೋಡಬೇಕು. ಎರಡು ಬಾರಿ ನೋಡಬೇಕು, ಮೊದಲ ಸಲ ಎಲ್ಲರೂ ಬಿಗಿಹಿಡಿಯುತ್ತಾರೆ. ನಾಲಿಗೆ ಹೊರಚಾಚಿಸಬೇಕು. ನಂತರ ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಬೇಗ ಬೇಗ ಮುಟ್ಟಿಸಬೇಕು. ಈ ಹೆಜ್ಜೆಯಲ್ಲೊಂದು ಉಪಾಯವಿದೆ: ರೋಗಿಯ ಗಮನ ಬೆರಳಿನ ಮೇಲಿರುವಾಗ ಪರೀಕ್ಷಕರ ಕಣ್ಣು ಮುಖ ಮತ್ತು ಕಾಲುಗಳ ಮೇಲಿರಬೇಕು, ಅಡಗಿದ್ದ ಚಲನೆ ಹೊರಬರುವುದು ಆಗಲೇ. ಕಡೆಗೆ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ನಾಲ್ಕು ಹೆಜ್ಜೆ ನಡೆಸಿ ತಿರುಗಿಸಬೇಕು. ಇಷ್ಟೇ. ಬಾಯಿ ಆಡುತ್ತಿರುವುದು ಎಷ್ಟೋ ರೋಗಿಗಳಿಗೆ ತಿಳಿದೇ ಇರುವುದಿಲ್ಲ; ಮನೆಯವರಿಗೆ ತಿಳಿದಿರುತ್ತದೆ, ಆದರೆ ಅವರು ಅದನ್ನು ವಯಸ್ಸಿಗೋ ಅಭ್ಯಾಸಕ್ಕೋ ಹೊರಿಸಿ ಸುಮ್ಮನಿರುತ್ತಾರೆ. 'ಏನಾದರೂ ತೊಂದರೆ ಇದೆಯೇ' ಎಂದು ಕೇಳಿ 'ಇಲ್ಲ' ಎಂಬ ಉತ್ತರ ಬರೆದುಕೊಳ್ಳುವುದು ಪರೀಕ್ಷೆಯಾಗದಿರುವುದು ಇದರಿಂದಲೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ನಮ್ಮ ನೆರೆಯ ತಮಿಳುನಾಡಿನಿಂದಲೇ ಬಂದಿದೆ. ಸ್ಕಾಟ್ಲೆಂಡಿನ ಮೆಕ್‌ಕ್ರೀಡಿ, ಚೆನ್ನೈಯ ಸ್ಕಾರ್ಫ್ ಸಂಸ್ಥೆಯ ಆರ್. ತಾರಾ ಮೊದಲಾದವರು 1996ರಲ್ಲಿ ಪ್ರಕಟಿಸಿದ ಅಧ್ಯಯನವದು. ಸ್ಕಿಜೋಫ್ರೀನಿಯಾ ಇದ್ದೂ ಜೀವಮಾನದಲ್ಲಿ ಒಂದು ಮಾತ್ರೆಯನ್ನೂ ಕಾಣದ ರೋಗಿಗಳನ್ನು ಅವರು ಪರೀಕ್ಷಿಸಿದರು. ಚಿಕಿತ್ಸೆ ಎಲ್ಲರಿಗೂ ಸಿಗುವ ದೇಶಗಳಲ್ಲಿ ಅಂಥವರು ಸಿಗುವುದೇ ಇಲ್ಲ. ಅವರಲ್ಲಿ ಶೇ 38 ಜನರಲ್ಲಿ ಡಿಸ್ಕೈನೀಸಿಯಾ ಕಂಡಿತು. ಔಷಧ ತೆಗೆದುಕೊಂಡವರಲ್ಲಿ ಶೇ 41, ಕಾಯಿಲೆಯೇ ಇಲ್ಲದವರಲ್ಲಿ ಶೇ 15. ಹಾಗಾದರೆ ಈ ಚಲನೆ ಕಾಯಿಲೆಯದ್ದೇ, ಔಷಧವನ್ನೇಕೆ ದೂರುವುದು? ಈ ಅಂಕಿಗಳನ್ನು ಮುಚ್ಚಿಟ್ಟು ವಾದ ಮಾಡುವವರ ಮಾತಿಗೆ ಬೆಲೆಯಿಲ್ಲ. ಸ್ಕಿಜೋಫ್ರೀನಿಯಾದ ಮೆದುಳಿಗೆ ಇಂಥ ಚಲನೆಯತ್ತ ಒಲವಿದೆ, ವಯಸ್ಸಾದಂತೆ ಅದು ಹೆಚ್ಚುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಇದೇ ಡಿ2 ಬಾಗಿಲು ಮುಚ್ಚುವ ಔಷಧ. ಮನೋರೋಗದ ಗಾಳಿಯೂ ಸೋಕದವರಲ್ಲಿ ಅದು ಟಾರ್ಡಿವ್ ಡಿಸ್ಕೈನೀಸಿಯಾ ತಂದದ್ದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ, ಹನ್ನೆರಡು ವಾರಕ್ಕಿಂತ ಹೆಚ್ಚು ಬಳಸುವುದನ್ನು ತಪ್ಪಿಸಿ ಎಂದು ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಕಾಯಿಲೆಯೂ ತರಬಲ್ಲದು, ಔಷಧವೂ ತರಬಲ್ಲದು. ಚೆನ್ನೈ ಅಧ್ಯಯನದಿಂದ ನಾನು ಕಲಿಯುವ ಪಾಠ ಬೇರೆ: ಮಾತ್ರೆ ಶುರುಮಾಡುವ ಮೊದಲೇ ರೋಗಿಯ ಬಾಯಿ, ಕೈ, ನಡಿಗೆಗಳನ್ನು ನೋಡಿ ಬರೆದಿಡಬೇಕು. ಮೊದಲ ದಿನದ ದಾಖಲೆ ಇಲ್ಲದಿದ್ದರೆ ಐದು ವರ್ಷದ ನಂತರ ಕಂಡ ಚಲನೆ ಯಾರದ್ದೆಂದು ಯಾವ ಪಂಡಿತರೂ ಹೇಳಲಾರರು.

ಎರಡನೆಯ ಆಕ್ಷೇಪ, ಇದೆಲ್ಲ ಹಳೆಯ ಔಷಧಗಳ ಕಥೆ, ಹೊಸ ಔಷಧಗಳಾದ ರಿಸ್ಪೆರಿಡೋನ್ ಓಲಾಂಜಪಿನ್‌ಗಳು ಬಂದಮೇಲೆ ಮುಗಿಯಿತು ಎನ್ನುವುದು. ಅರ್ಧ ನಿಜ. ಹಲವು ದೇಶಗಳ 41 ಅಧ್ಯಯನಗಳನ್ನು ಒಟ್ಟುಹಾಕಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹಳೆಯ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ 30, ಹೊಸದನ್ನು ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ಶೇ 21 ಜನರಿಗೆ ಟಾರ್ಡಿವ್ ಡಿಸ್ಕೈನೀಸಿಯಾ ಇತ್ತು. ಹಳೆಯದನ್ನು ಎಂದೂ ಮುಟ್ಟದೆ ಹೊಸದನ್ನಷ್ಟೇ ತೆಗೆದುಕೊಂಡವರಲ್ಲಿ ಶೇ 7ರ ಆಸುಪಾಸು. ಇಳಿದಿದೆ, ಅಳಿದಿಲ್ಲ. ಅಮೆರಿಕದಲ್ಲಿ ಸುಮಾರು 1,500 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಕೇಟಿ ಪ್ರಯೋಗದಲ್ಲಿ ಹಳೆಯ ಪರ್ಫೆನಜಿನ್‌ಗೂ ಹೊಸ ಮಾತ್ರೆಗಳಿಗೂ ಚಲನೆಯ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈಗಾಗಲೇ ಟಾರ್ಡಿವ್ ಡಿಸ್ಕೈನೀಸಿಯಾ ಇದ್ದವರನ್ನು ಪರ್ಫೆನಜಿನ್ ಗುಂಪಿಗೆ ಸೇರಿಸಿರಲಿಲ್ಲ ಎಂಬ ತಕರಾರು ಅದರ ಮೇಲಿದೆ, ನ್ಯಾಯವಾದ ತಕರಾರೇ. ಹೊಸ ಮಾತ್ರೆಗಳು ಸುರಕ್ಷಿತ ಎಂಬ ಪ್ರಚಾರದಿಂದ ಆದ ನಿಜವಾದ ನಷ್ಟವೆಂದರೆ ಅವುಗಳ ಬಳಕೆ ಹಿಗ್ಗಿದ್ದು: ನಿದ್ದೆ ಬಾರದವರಿಗೆ, ಸಿಟ್ಟಿನ ಮಕ್ಕಳಿಗೆ, ಮರೆವಿನ ಕಾಯಿಲೆಯ ಮುದುಕರಿಗೆ. ವಯಸ್ಸಾದವರಲ್ಲಿ ಹಳೆಯ ಔಷಧಗಳಿಂದ ಮೊದಲ ವರ್ಷದಲ್ಲೇ ಸುಮಾರು ಕಾಲುಭಾಗ ಜನರಿಗೆ ಈ ತೊಂದರೆ ಬರುತ್ತದೆ. ಡಿಮೆನ್ಷಿಯಾ ಇರುವವರಲ್ಲಿ ಹೊಸ ಔಷಧಗಳೂ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು 2005ರಿಂದಲೇ ಎಚ್ಚರಿಕೆ ಇದೆ.

ಮೂರನೆಯದು, ನಾನು ಮೊದಲೇ ಹೇಳಿದ ಕಾರಿಡಾರಿನ ಮಾತು: ಇದನ್ನೆಲ್ಲ ಹೇಳಿದರೆ ರೋಗಿ ಮಾತ್ರೆ ಬಿಡುತ್ತಾನೆ, ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಮಾತ್ರೆ ಬಿಟ್ಟರೆ ಅಪಾಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಫಿನ್ಲೆಂಡಿನಲ್ಲಿ 62,250 ಸ್ಕಿಜೋಫ್ರೀನಿಯಾ ರೋಗಿಗಳ ದಾಖಲೆಗಳನ್ನು ಇಪ್ಪತ್ತು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ, ಈ ಔಷಧಗಳನ್ನು ಬಳಸದಿದ್ದವರ ಸಾವಿನ ಪ್ರಮಾಣ ಶೇ 46.2, ಬಳಸಿದವರದು ಶೇ 25.7, ಅವುಗಳಲ್ಲೊಂದಾದ ಕ್ಲೋಜಪಿನ್ ಬಳಸಿದವರದು ಶೇ 15.6. ಮಾತ್ರೆ ತೆಗೆದುಕೊಳ್ಳುವವರು ಬೇರೆ ವಿಷಯಗಳಲ್ಲೂ ತಮ್ಮ ಕಾಳಜಿ ಮಾಡಿಕೊಳ್ಳುವವರಾಗಿರಬಹುದು, ಆದ್ದರಿಂದ ವ್ಯತ್ಯಾಸವನ್ನೆಲ್ಲ ಔಷಧದ ಖಾತೆಗೆ ಹಾಕಲಾಗದು. ಆದರೂ ಔಷಧ ಆಯುಸ್ಸು ಕಡಿಯುತ್ತದೆ ಎನ್ನುವವರಿಗೆ ಇದು ಉತ್ತರ. ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ನಡೆಸಿದ ಅಧ್ಯಯನದಲ್ಲೂ ಚಿಕಿತ್ಸೆ ಪಡೆದವರ ದೈನಂದಿನ ಬದುಕು ಪಡೆಯದವರಿಗಿಂತ ಮೇಲಾಗಿತ್ತು. ಆದರೆ ಇದರಿಂದ 'ಹೇಳಬೇಡಿ' ಎಂಬ ತೀರ್ಮಾನ ಹೊರಡುವುದಿಲ್ಲ. ಟಾರ್ಡಿವ್ ಡಿಸ್ಕೈನೀಸಿಯಾದ ಬಗ್ಗೆ ರೋಗಿಗಳಿಗೆ ತಿಳಿಸಿ, ಆರು ತಿಂಗಳ ನಂತರ ನೋಡಿದ ಬ್ರಿಟಿಷ್ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು: ತಿಳಿವಳಿಕೆ ಹೆಚ್ಚಿತ್ತು, ಮಾತ್ರೆ ಬಿಡುವುದು ಹೆಚ್ಚಿರಲಿಲ್ಲ. ಜನ ಮಾತ್ರೆ ಬಿಡುವುದು ಬಹುಮಟ್ಟಿಗೆ ತಮ್ಮ ಮೈಗೆ ಆದದ್ದನ್ನು ಕಂಡು. ಬಿಗಿತ, ಮಂಕು, ಚಡಪಡಿಕೆಯ ಬಗ್ಗೆ ಮೊದಲೇ ಹೇಳಿದ ವೈದ್ಯರ ಬಳಿಗೆ ಅವರು ದೂರು ಹೊತ್ತು ವಾಪಸು ಬರುತ್ತಾರೆ. ಹೇಳದವರ ಬಳಿಗೆ ಬರುವುದಿಲ್ಲ. ಇನ್ನು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮಗಳನ್ನು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿದುಕೊಳ್ಳುವುದು ಆತನ ಮತ್ತು ಆತನ ಪ್ರತಿನಿಧಿಯ ಹಕ್ಕು. ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ಇಂಗ್ಲಿಷ್ ಚೀಟಿಯಿಂದ ಆ ಹಕ್ಕು ಸಂದಾಯವಾಗುವುದಿಲ್ಲ.

ಸಮಯ ಎಲ್ಲಿದೆ ಎನ್ನುವ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗದ ದೇಶ ನಮ್ಮದು. ಈ ಕೊರತೆಗೆ ಕರ್ನಾಟಕ ಕಂಡುಕೊಂಡ ದಾರಿ ದೇಶಕ್ಕೇ ಮಾದರಿಯಾಯಿತು: 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನೋರೋಗ ಚಿಕಿತ್ಸೆಯನ್ನು ಊರಿಗೆ ಒಯ್ದರು, 1996ರಲ್ಲಿ ಅದೇ ನಮೂನೆಯ ಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮಾತ್ರೆಯನ್ನು ಹಳ್ಳಿಗೆ ಒಯ್ಯಲು ಅರೆತಜ್ಞರನ್ನು ನಂಬಿದವರು ಕಣ್ಣನ್ನು ಒಯ್ಯಲೂ ಅವರನ್ನೇ ನಂಬಬಹುದು. ನಾನು ಮೇಲೆ ಬಣ್ಣಿಸಿದ ಪರೀಕ್ಷೆಯನ್ನು ಮಾಡಲು ಎಂ.ಡಿ. ಪದವಿ ಬೇಡ, ಅಭ್ಯಾಸವಾದ ನರ್ಸ್ ಒಬ್ಬರು ಹೊರಗೆ ಸರದಿಯಲ್ಲಿ ಕೂತವರನ್ನು ನೋಡುತ್ತಲೇ ಅರ್ಧ ಕೆಲಸ ಮುಗಿಸಬಲ್ಲರು. ಎಲ್ಲರಿಗೂ ಪ್ರತಿ ತಿಂಗಳೂ ಬೇಕಿಲ್ಲ. ಪ್ರತಿ ಭೇಟಿಯಲ್ಲಿ ಕಣ್ಣಾಡಿಸುವುದು, ಅಳತೆಪಟ್ಟಿ ಹಿಡಿದು ಕೂರುವುದು ಅಪಾಯ ಹೆಚ್ಚಿರುವವರಿಗೆ ಆರು ತಿಂಗಳಿಗೊಮ್ಮೆ, ಉಳಿದವರಿಗೆ ವರ್ಷಕ್ಕೊಮ್ಮೆ ಎಂದು ಅಮೆರಿಕದ ಮನೋವೈದ್ಯರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಮೈಯಲ್ಲಿ ದಾಸ್ತಾನಾಗಿ ನಿಂತು ನಿಧಾನವಾಗಿ ಕೆಲಸ ಮಾಡುವ ಡಿಪೋ ಇಂಜೆಕ್ಷನ್ನನ್ನು ತಿಂಗಳಿಗೊಮ್ಮೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಒಮ್ಮೆ ಮೈಗೆ ಸೇರಿದ ಆ ಔಷಧವನ್ನು ವಾರಗಟ್ಟಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಕಂಡುಹಿಡಿದು ಮಾಡುವುದಾದರೂ ಏನು ಎಂಬ ನಿರಾಶೆಯೂ ನೋಡದಿರಲು ಒಂದು ನೆಪವಾಗಿತ್ತು. ಆ ನೆಪ ಈಗ ಸವೆದಿದೆ. ಬೇಗ ಕಂಡರೆ ಡೋಸ್ ನಿಧಾನವಾಗಿ ತಗ್ಗಿಸಬಹುದು, ಕ್ಲೋಜಪಿನ್‌ನಂಥದಕ್ಕೆ ಬದಲಿಸಬಹುದು. ಬಿಳಿ ರಕ್ತಕಣಗಳು ಕುಸಿಯುವ ಭಯವಿರುವುದರಿಂದ ಅದಕ್ಕೆ ರಕ್ತಪರೀಕ್ಷೆಯ ಕಟ್ಟುಪಾಡಿದೆ. ವಿಶೇಷವೆಂದರೆ ಇಂದಿನ ಮದ್ದಿನ ಜಾಡು ನಮ್ಮ ಸರ್ಪಗಂಧದ ಬೇರಿನ ತನಕ ಹೋಗುತ್ತದೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಆ ಬೇರು ಉಪಯೋಗಕ್ಕೆ ಬರುವುದನ್ನು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ಬೇರ್ಪಡಿಸಿತು. ರೆಸರ್ಪಿನ್ ಗ್ರಾಹಿಯ ಬಾಗಿಲಿಗೆ ಕೈಹಾಕುವುದಿಲ್ಲ. ನರಕೋಶದೊಳಗೆ ಡೋಪಮಿನ್ ಚೀಲಗಳನ್ನು ತುಂಬಿಸುವ ವಾಹಕ ಪ್ರೋಟೀನನ್ನು ತಡೆಯುತ್ತದೆ, ದಾಸ್ತಾನೇ ಬರಿದಾಗುತ್ತದೆ. ಅದೇ ವಾಹಕದ ಎರಡನೆಯ ಬಗೆಯನ್ನು ಆರಿಸಿ ತಡೆಯುವ ಟೆಟ್ರಾಬೆನಜಿನ್, ಅದರ ಸಂತಾನವಾದ ವ್ಯಾಲ್ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್ ಇಂದು ಟಾರ್ಡಿವ್ ಡಿಸ್ಕೈನೀಸಿಯಾದ ಮದ್ದುಗಳು. ಕೊನೆಯ ಎರಡಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವು ಚಲನೆಯನ್ನು ತಗ್ಗಿಸುತ್ತವೆ, ಬೇರುಸಹಿತ ಕೀಳುವುದಿಲ್ಲ. ಖಿನ್ನತೆ ತರಬಹುದಾದ್ದರಿಂದ ಟೆಟ್ರಾಬೆನಜಿನ್ ಕೊಟ್ಟಮೇಲೂ ನೋಡುತ್ತಲೇ ಇರಬೇಕು. ಮನೆಯವರಿಗೆ ಒಂದು ಮಾತು: ಇದನ್ನು ಕೇಳಿಸಿಕೊಂಡು ಇಂದು ರಾತ್ರಿಯೇ ಮಾತ್ರೆ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಚಲನೆಯೂ ಉಲ್ಬಣಿಸುತ್ತದೆ, ಕಾಯಿಲೆಯೂ ಮರುಕಳಿಸುತ್ತದೆ.

ಕೊನೆಯದಾಗಿ, ಮನೋವೈದ್ಯರ ಬಾಗಿಲನ್ನೇ ತುಳಿಯದವರ ವಿಷಯ. ಗ್ಯಾಸ್ಟ್ರಿಕ್, ಹೊಟ್ಟೆಯುಬ್ಬರ, ಹುಳಿತೇಗು ಎಂದು ಹೋದವರಿಗೆ ನಮ್ಮಲ್ಲಿ ಬರೆದುಕೊಡುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಇರುತ್ತದೆ. ಅದೂ ಡಿ2 ಬಾಗಿಲು ಮುಚ್ಚುವ, ಮನೋರೋಗದ ಔಷಧಗಳ ಕುಲಕ್ಕೇ ಸೇರಿದ ಔಷಧ. ಮನಸ್ಸಿಗೆ ಹಗುರವೆನಿಸಲು ಬರೆದುಕೊಡುವ ಫ್ಲುಪೆಂಥಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಕೂಡಿಸಿದ ಮಾತ್ರೆಯೊಳಗೂ ಅಂಥದೇ ಒಂದು ಇದೆ. ಆ ಮಾತ್ರೆ ಹುಟ್ಟಿದ ಡೆನ್ಮಾರ್ಕಿನಲ್ಲೇ ಅದರ ಮಾರಾಟಕ್ಕೆ ಅನುಮತಿಯಿಲ್ಲವೆಂದು 2012ರಲ್ಲಿ ನಮ್ಮ ಸಂಸತ್ತಿನ ಸ್ಥಾಯಿ ಸಮಿತಿ ಎತ್ತಿ ತೋರಿಸಿತ್ತು. ಒಮ್ಮೆ ಬರೆಸಿಕೊಂಡ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ತೋರಿಸುತ್ತ ವರ್ಷಗಟ್ಟಲೆ ನುಂಗುವವರು ಇದ್ದಾರೆ. ಹೊಟ್ಟೆಯ ಮಾತ್ರೆ ತಾನೇ ಎಂದು ಅವರಿಗೂ ಅನುಮಾನವಿಲ್ಲ, ಬರೆದವರಿಗೂ ನೆನಪಿಲ್ಲ. ಅರವತ್ತು ದಾಟಿದ ಅಂಥವರಿಗೆ ಕೈ ನಡುಗಿ ನಡಿಗೆ ನಿಧಾನವಾದಾಗ ನರರೋಗ ತಜ್ಞರ ಬಳಿ ಹೋಗುತ್ತಾರೆ, ಪಾರ್ಕಿನ್ಸನ್ ಎಂದಾಗಿ ಅದಕ್ಕೂ ಮಾತ್ರೆ ಶುರುವಾಗುತ್ತದೆ. ಹೊಟ್ಟೆಯ ಕ್ಯಾಪ್ಸೂಲನ್ನು ನಿಲ್ಲಿಸಿದ್ದರೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಬಹಳಷ್ಟು ಮಂದಿಯ ನಡುಕ ತಾನಾಗಿ ಇಳಿಯುತ್ತಿತ್ತು. ಆದ್ದರಿಂದ ನಡುಕ ಹೊತ್ತು ಬಂದ ಯಾರನ್ನೇ ಆಗಲಿ ಮೊದಲು ಕೇಳಬೇಕಾದದ್ದು, ಗ್ಯಾಸ್ಟ್ರಿಕ್ಕಿಗೆ, ವಾಂತಿಗೆ, ತಲೆಸುತ್ತಿಗೆ, ನಿದ್ದೆಗೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು. ಹೆಸರು ನೆನಪಿರದವರು ಖಾಲಿ ಸ್ಟ್ರಿಪ್ಪುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದರೂ ಸಾಕು.